ಫೋನಿಗೆ ಆಯುಷ್ಯ ಎಷ್ಟು ವರ್ಷ?

ಗಾಜು ಒಡೆದಿಲ್ಲ, ಬ್ಯಾಟರಿ ಕೆಟ್ಟಿಲ್ಲ. ಆದರೂ ಕೈಯಲ್ಲಿರುವ ಫೋನು ಒಂದು ದಿನ ‘ಹಳತು’ ಎನಿಸಿಕೊಳ್ಳುತ್ತದೆ. ತಯಾರಕರು ಅದರ ತಂತ್ರಾಂಶ ಪರಿಷ್ಕರಣೆಯನ್ನು ನಿಲ್ಲಿಸಿರುತ್ತಾರೆ. ಭದ್ರತೆಯ ಬಿರುಕುಗಳು ಮುಚ್ಚದೆ ಉಳಿಯುತ್ತವೆ. ಕ್ರಮೇಣ ಬ್ಯಾಂಕಿನ ಆ್ಯಪ್ ಕೂಡ ಕೈಕೊಡುತ್ತದೆ.

2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಬಂದಾಗ ಈ ಆಯುಷ್ಯದ ಲೆಕ್ಕ ಇಟ್ಟವರಿಲ್ಲ. ಗೂಗಲ್ ಸಿದ್ಧಪಡಿಸಿದ ತಂತ್ರಾಂಶವನ್ನು ಚಿಪ್ ತಯಾರಕರು ತಮ್ಮ ಚಿಪ್‌ಗೆ ಹೊಂದಿಸಬೇಕು. ಬಳಿಕ ಫೋನ್ ಕಂಪೆನಿ ತನ್ನ ಮಾದರಿಗೆ ಒಗ್ಗಿಸಬೇಕು. ಒಂದು ಕೊಂಡಿ ಕಳಚಿದರೂ ಸರಪಳಿ ತುಂಡಾಗುತ್ತಿತ್ತು. ಫೋನೂ ತಂತ್ರಾಂಶವೂ ತನ್ನದೇ ಆಗಿದ್ದ ಆಪಲ್‌ಗೆ ಈ ತೊಡಕಿರಲಿಲ್ಲ. 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಭದ್ರತಾ ಪರಿಷ್ಕರಣೆ ದೊರೆಯಿತು.

2011ರಲ್ಲಿ ಗೂಗಲ್ ಮತ್ತು ಹಲವು ಕಂಪೆನಿಗಳು ನೀಡಿದ 18 ತಿಂಗಳ ಭರವಸೆ ಬಹುಪಾಲು ಮಾತಿನಲ್ಲೇ ಉಳಿಯಿತು. 2015ರಲ್ಲಿ ‘ಸ್ಟೇಜ್‌ಫ್ರೈಟ್’ ದೋಷ ಬಯಲಾಯಿತು. ಒಂದು ಎಂಎಂಎಸ್ ಸಂದೇಶದಿಂದಲೇ ಫೋನಿನೊಳಗೆ ನುಗ್ಗಬಹುದೆಂದು ತಿಳಿದ ಮೇಲೆ ಗೂಗಲ್ ಮತ್ತು ಸ್ಯಾಮ್‌ಸಂಗ್ ಪ್ರತಿ ತಿಂಗಳೂ ಭದ್ರತಾ ಪರಿಷ್ಕರಣೆ ನೀಡತೊಡಗಿದವು. 2017ರ ‘ಪ್ರಾಜೆಕ್ಟ್ ಟ್ರೆಬಲ್’ ಚಿಪ್‌ಗೆ ಸಂಬಂಧಿಸಿದ ಭಾಗವನ್ನು ಮೂಲ ತಂತ್ರಾಂಶದಿಂದ ಬೇರ್ಪಡಿಸಿ ಕೆಲಸವನ್ನು ಹಗುರಗೊಳಿಸಿತು. 2023ರಲ್ಲಿ ಪಿಕ್ಸೆಲ್ 8ಕ್ಕೆ ಗೂಗಲ್, 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ 7 ವರ್ಷಗಳ ಪರಿಷ್ಕರಣೆ ಘೋಷಿಸಿದವು.

ದುಬಾರಿ ಫೋನಿಗೆ ದಕ್ಕಿದ ಈ ದೀರ್ಘಾಯುಷ್ಯ ಅಗ್ಗದ ಫೋನಿಗೆ ತಾನಾಗಿ ಬರಲಿಲ್ಲ. ಅಲ್ಲಿ ಕಾನೂನೇ ಕೈಹಾಕಬೇಕಾಯಿತು. ಒಂದು ಮಾದರಿಯನ್ನು ಮಾರುಕಟ್ಟೆಗೆ ಬಿಡುವುದು ನಿಂತ ಬಳಿಕವೂ ಕನಿಷ್ಠ 5 ವರ್ಷ ಪರಿಷ್ಕರಣೆ ಉಚಿತವಾಗಿ ದೊರೆಯಬೇಕೆಂಬ ನಿಯಮ 2025ರ ಜೂನ್ 20ರಂದು ಐರೋಪ್ಯ ಒಕ್ಕೂಟದಲ್ಲಿ ಜಾರಿಗೆ ಬಂತು.

ಬೇರೆಡೆ ಇದು ಇನ್ನೂ ಬಹುಮಟ್ಟಿಗೆ ಕಂಪೆನಿಯ ಮರ್ಜಿ. ಕೊಳ್ಳುವಾಗ ಕ್ಯಾಮೆರಾ, ಬೆಲೆಗಳ ಜೊತೆಗೆ ಈ ವರ್ಷಗಳನ್ನೂ ವಿಚಾರಿಸುವುದು ಲೇಸು.