ಊರಿಗೆ ಹೊರಟವರ ಮಾತು

2020ರ ಮೇ 5ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಬೆಂಗಳೂರಿನಲ್ಲಿ ಕಟ್ಟಡ ನಿರ್ಮಾಣ ಉದ್ಯಮಿಗಳೊಂದಿಗೆ ಸಭೆ ನಡೆಸಿದರು. ಅದೇ ದಿನ ರಾಜ್ಯ ಸರ್ಕಾರವು ನೈಋತ್ಯ ರೈಲ್ವೆಗೆ ಪತ್ರ ಬರೆದು, ಮರುದಿನದಿಂದ ವಲಸೆ ಕಾರ್ಮಿಕರ ವಿಶೇಷ ರೈಲುಗಳು ಬೇಡವೆಂದು ತಿಳಿಸಿತು. ಕಾರ್ಮಿಕರ ಅನಗತ್ಯ ಪ್ರಯಾಣವನ್ನು ನಿಯಂತ್ರಿಸಬೇಕೆಂಬ ಮಾತೂ ಕೇಳಿಬಂದಿತು. ನಲವತ್ತು ದಿನಗಳಿಂದ ಕೂಲಿಯಿಲ್ಲದೆ ತಗಡಿನ ಶೆಡ್ಡುಗಳಲ್ಲಿ ಕುಳಿತವರಿಗೆ ಊರು ಅನಗತ್ಯವೆಂದು ತೀರ್ಮಾನಿಸಿದವರು ಯಾರು?

ಹೀಗೆ ತೀರ್ಮಾನಿಸುವುದು ಸುಲಭವಾಗಿತ್ತು, ಏಕೆಂದರೆ ಇವರು ಇಲ್ಲಿ ಮತದಾರರಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯು ಸಾಮಾನ್ಯ ವಾಸಸ್ಥಳವನ್ನು ಆಧರಿಸಿ ಮತದಾರರನ್ನು ಗುರುತಿಸುತ್ತದೆ. ಕಾಮಗಾರಿ ಮುಗಿದಂತೆ ಜಾಗ ಬದಲಿಸುವವರ ಮತ ಹುಟ್ಟೂರಿನಲ್ಲಿ ಉಳಿಯುತ್ತದೆ, ಬದುಕು ನಗರದಲ್ಲಿ ಸವೆಯುತ್ತದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯು ಬಯಸಿದ ನೋಂದಣಿಯೂ ಬಹುಮಟ್ಟಿಗೆ ಕಾಗದದಲ್ಲೇ ಉಳಿದಿತ್ತು.

ಆದರೂ ಇವರನ್ನು ಮೂಕರೆಂದು ಬರೆಯುವುದು ತಪ್ಪು. ಏಪ್ರಿಲ್ 10ರಂದು ಸೂರತ್‌ನಲ್ಲಿ, 14ರಂದು ಮುಂಬಯಿಯ ಬಾಂದ್ರಾದಲ್ಲಿ ಅವರು ಬೀದಿಗಿಳಿದಿದ್ದರು. ರೈಲು ನಿಂತಾಗ ಬೆಂಗಳೂರಿನಿಂದ ಅನೇಕರು ಗಂಟುಮೂಟೆ ಹೊತ್ತು ನಡೆದೇ ಹೊರಟರು. ಕಾರ್ಮಿಕ ಸಂಘಟನೆಗಳೂ ವಿರೋಧ ಪಕ್ಷಗಳೂ ದನಿಗೂಡಿಸಿದವು. ಮೇ 7ರಂದು ಸರ್ಕಾರ ತನ್ನ ನಿರ್ಧಾರವನ್ನು ಬದಲಿಸಿತು. ಆ ನಡಿಗೆಯನ್ನು ಕೇವಲ ದೈನ್ಯದ ಚಿತ್ರವನ್ನಾಗಿ ನೋಡಿದರೆ ಅದರೊಳಗಿನ ನಿರಾಕರಣೆ ನಮಗೆ ಕಾಣುವುದಿಲ್ಲ.

ವಿಮೋಚನಕಾಂಡದ ಐದನೆಯ ಅಧ್ಯಾಯದಲ್ಲಿ ಮೋಶೆಯ ಬೇಡಿಕೆಗೆ ಫರೋಹನು ಕೊಡುವ ಉತ್ತರವನ್ನು ಇಲ್ಲಿ ನೆನೆಯಬೇಕು. ಇವರು ಹೊರಟರೆ ಬಿಟ್ಟಿಕೆಲಸ ನಿಲ್ಲುತ್ತದೆ ಎಂಬುದು ಅವನ ಆತಂಕ. ಬೇಡಿಕೆಯನ್ನು ಅವನು ಸೋಮಾರಿತನವೆಂದು ಕರೆಯುತ್ತಾನೆ, ಇಟ್ಟಿಗೆಯ ಲೆಕ್ಕವನ್ನು ಮಾತ್ರ ಇಳಿಸುವುದಿಲ್ಲ. ತರಗತಿಯಲ್ಲಿ ನಾವು ಈ ಅಧ್ಯಾಯವನ್ನು ಬೇಗನೆ ದಾಟಿ ಪಿಡುಗುಗಳ ಕಥನಕ್ಕೆ ಹೋಗಿಬಿಡುತ್ತೇವೆ.

ಆ ದಿನಗಳಲ್ಲಿ ಧರ್ಮಸಭೆಯು ಅನ್ನದ ಪೊಟ್ಟಣ ಹಂಚಿದ್ದನ್ನು ಅಲ್ಲಗಳೆಯಲಾಗದು. ಆದರೆ ಅವರ ಹಸಿವಿಗೆ ಕೊಟ್ಟ ಕಿವಿಯನ್ನು ಅವರ ಬೇಡಿಕೆಗೆ ನಾವು ಕೊಟ್ಟೆವೆಂದು ಹೇಳುವ ಧೈರ್ಯ ನಮಗಿಲ್ಲ. ಸೆಪ್ಟೆಂಬರ್ 14ರಂದು ಕೇಂದ್ರ ಕಾರ್ಮಿಕ ಸಚಿವಾಲಯವು, ಊರಿಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರ ಅಂಕಿಅಂಶ ತನ್ನಲ್ಲಿಲ್ಲವೆಂದು ಲೋಕಸಭೆಗೆ ತಿಳಿಸಿದಾಗ ನಾವೆಲ್ಲ ಸಿಟ್ಟಾದೆವು. ಜಾರ್ಖಂಡ್, ಒಡಿಶಾಗಳಿಂದ ಬಂದವರಲ್ಲಿ ಕ್ರೈಸ್ತರೂ ಇದ್ದರು. ನಮ್ಮ ಧರ್ಮಕೇಂದ್ರಗಳ ಕುಟುಂಬ ದಾಖಲೆಗಳಲ್ಲಿ ಅವರಲ್ಲಿ ಎಷ್ಟು ಮಂದಿಯ ಹೆಸರಿದೆ ಎಂಬುದನ್ನು ನಾವಿನ್ನೂ ಹುಡುಕಬೇಕಾಗಿದೆ.