ಎರಡಂಗುಲದ ರಾವುತ ಮತ್ತು ವಾಟರ್ಲೂವಿನ ಸಾಕ್ಷಿಗಳು

ಅಂಗೈ ಮೇಲೆ ನಿಲ್ಲುವಷ್ಟು ಪುಟ್ಟ ಕುದುರೆ. ಅದರ ಮೇಲೊಬ್ಬ ಕತ್ತಿ ಹಿರಿದ ಸವಾರ. ಇಂಥ ಬೊಂಬೆಗಳನ್ನು ಕತ್ತರಿಸಿ, ಮತ್ತೆ ಜೋಡಿಸಿ, ಕೂದಲೆಳೆಯಂಥ ಕುಂಚದಿಂದ ಬಣ್ಣ ಬಳಿದು ನೆಪೋಲಿಯನ್ನನ ಕಾಲದ ಕುದುರೆ ದಂಡು ಕಟ್ಟುವ ಹವ್ಯಾಸ ಯುರೋಪಿನಲ್ಲಿ ಬಹಳ ದೊಡ್ಡದು. ಮಾಡುವವರು ಮಕ್ಕಳಲ್ಲ; ಮೇಷ್ಟ್ರುಗಳು, ವೈದ್ಯರು, ನಿವೃತ್ತ ಸೈನಿಕರು. ಕೇಳಿದರೆ ನಮ್ಮಲ್ಲಿ ಹಲವರಿಗೆ ನಗು ಬಂದೀತು. ಕೆಲಸವಿಲ್ಲದ ಬಡಗಿಯ ಕಥೆ ನೆನಪಾದೀತು. ಆದರೆ ಇತಿಹಾಸ ಕಲಿಸುವವರು ಮತ್ತು ಕಲಿಯುವವರು ನಗುವ ಮೊದಲು ಸ್ವಲ್ಪ ನಿಂತು ನೋಡಬೇಕಾದ ಸಂಗತಿ ಇದರಲ್ಲಿದೆ.

ಮೊದಲು ಬೊಂಬೆಯ ಚರಿತ್ರೆ. 18ನೇ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಹಿಲ್ಪರ್ಟ್ ಮನೆತನದವರು ತವರದ ಚಪ್ಪಟೆ ಸೈನಿಕರನ್ನು ಅಚ್ಚು ಹಾಕಿ ಮಾರುತ್ತಿದ್ದರು. 19ನೇ ಶತಮಾನದಲ್ಲಿ ಅದೇ ಊರಿನ ಹೈನ್‌ರಿಕ್ಸೆನ್ ಕಾರ್ಖಾನೆ 30 ಮಿ.ಮೀ. ಎತ್ತರವನ್ನು ಒಂದು ಅಳತೆಯಾಗಿ ರೂಢಿಗೆ ತಂದಿತು. ಇಂಗ್ಲೆಂಡಿನ ಬ್ರಿಟನ್ಸ್ ಕಂಪೆನಿ 1893ರಲ್ಲಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ತಂದಿತು. 20ನೇ ಶತಮಾನದ ನಡುವಿನ ನಂತರ ಪ್ಲಾಸ್ಟಿಕ್ ಬಂತು. ಫ್ರಾನ್ಸಿನ ಹಿಸ್ಟೊರೆಕ್ಸ್ ಕಂಪೆನಿ 54 ಮಿ.ಮೀ. ಅಳತೆಯ ನೆಪೋಲಿಯನ್ ಕಾಲದ ಸವಾರರನ್ನು ಬಿಡಿಬಿಡಿ ಭಾಗಗಳಾಗಿ ಕೊಡತೊಡಗಿತು. ಅದರ ಕುದುರೆ ಎಡ ಮತ್ತು ಬಲ ಎಂದು ಎರಡು ಹೋಳು. ಒಂದು ಕುದುರೆಯ ಎಡ ಹೋಳಿಗೆ ಇನ್ನೊಂದರ ಬಲ ಹೋಳು ಅಂಟಿಸಿದರೆ ಮೂರನೆಯದೇ ಒಂದು ನಡಿಗೆ! ಡಬ್ಬಿಯಲ್ಲಿ ಬಂದ ಬೊಂಬೆಯನ್ನು ಹೀಗೆ ಬೇರೊಂದಾಗಿ ಮಾಡುವುದಕ್ಕೇ ಈ ಹವ್ಯಾಸದವರು ಪರಿವರ್ತನೆ ಎನ್ನುತ್ತಾರೆ.

ಹಾಗಾದರೆ ಕುದುರೆ ದಂಡೇ ಯಾಕೆ? ಬಣ್ಣಕ್ಕಾಗಿ. ಯಕ್ಷಗಾನ ನೋಡಿದವರಿಗೆ ವೇಷಧಾರಿ ಬಾಯಿ ತೆರೆಯುವ ಮೊದಲೇ ಕಿರೀಟ, ಮುಖವರ್ಣಿಕೆ ನೋಡಿ ಅದು ರಾಜವೇಷವೋ ಬಣ್ಣದ ವೇಷವೋ ಎಂದು ಗೊತ್ತಾಗುತ್ತದಷ್ಟೆ. ಆ ಕಾಲದ ಯುದ್ಧಭೂಮಿಯಲ್ಲೂ ಹಾಗೆಯೇ. ಕಾಲರಿನ ಬಣ್ಣ, ತೋಳಿನ ಪಟ್ಟಿಯ ಬಣ್ಣ, ಟೋಪಿಯ ಗರಿ ನೋಡಿ ಯಾವ ದಳ ಎಂದು ಹೇಳಬಹುದಿತ್ತು. ತೋಪುಗಳ ಹೊಗೆಯಲ್ಲಿ ದಳಪತಿಗೆ ತನ್ನ ಕಹಳೆಯವನು ಬೇಗ ಕಾಣಬೇಕೆಂದು ಕಹಳೆಯವನಿಗೆ ಬೇರೆ ಬಣ್ಣದ ಅಂಗಿ, ಸಾಮಾನ್ಯವಾಗಿ ಬಿಳಿ ಬೂದು ಕುದುರೆ. ಇದೆಲ್ಲ ಅಂದಿನ ಸರಕಾರಿ ನಿಯಮಾವಳಿಗಳಲ್ಲಿ ಬರೆದಿದೆ. ಪುಸ್ತಕ ತೆರೆದು ಅದರಂತೆ ಬಣ್ಣ ಬಳಿದರೆ ಆಯಿತಲ್ಲ ಎನ್ನಬಹುದು. ತೊಡಕು ಶುರುವಾಗುವುದೇ ಇಲ್ಲಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 1815ರ ಜೂನ್ 18. ಇಂದಿನ ಬೆಲ್ಜಿಯಮ್ಮಿನ ವಾಟರ್ಲೂ. ಮಧ್ಯಾಹ್ನ ಸುಮಾರು 2 ಗಂಟೆಯ ಹೊತ್ತಿಗೆ ಬ್ರಿಟಿಷರ ಭಾರೀ ಕುದುರೆ ದಂಡು ಫ್ರೆಂಚ್ ಕಾಲಾಳುಗಳ ಮೇಲೆ ಬಿತ್ತು. ಅದರಲ್ಲಿ ಬೂದು ಕುದುರೆಗಳಿಗೆ ಹೆಸರಾದ ಸ್ಕಾಟ್ಸ್ ಗ್ರೇಸ್ ದಳವೂ ಇತ್ತು. ಆ ದಳದ ಸಾರ್ಜೆಂಟ್ ಚಾರ್ಲ್ಸ್ ಎವರ್ಟ್ ಫ್ರೆಂಚರ 45ನೇ ರೆಜಿಮೆಂಟಿನ ಹದ್ದಿನ ಲಾಂಛನವನ್ನು ಕಿತ್ತುಕೊಂಡ. ಅದು ಇಂದಿಗೂ ಎಡಿನ್‌ಬರೋ ಕೋಟೆಯಲ್ಲಿದೆ. ಈ ದಾಳಿಯನ್ನು ಎಲಿಜಬೆತ್ ಬಟ್ಲರ್ ಎಂಬ ಚಿತ್ರಗಾರ್ತಿ 1881ರಲ್ಲಿ ದೊಡ್ಡ ಕ್ಯಾನ್ವಾಸಿನ ಮೇಲೆ ಬರೆದಳು. ಕುದುರೆಗಳೆಲ್ಲ ನಾಗಾಲೋಟದಲ್ಲಿ ನೋಡುವವನ ಮುಖದ ಮೇಲೆಯೇ ನುಗ್ಗಿ ಬರುತ್ತವೆ. ಚಿತ್ರ ಬಹಳ ಜನಪ್ರಿಯವಾಯಿತು. ಎಷ್ಟೋ ಬೊಂಬೆಗಳೂ ಅದೇ ಭಂಗಿಯಲ್ಲಿ ಬಂದವು.

ನಡೆದದ್ದು ಹೀಗಲ್ಲ. ಹಿಂದಿನ ರಾತ್ರಿಯಿಡೀ ಮಳೆ ಸುರಿದು ಹೊಲವೆಲ್ಲ ಕೆಸರು. ಎದುರಿಗೆ ಬೇಲಿ, ರಸ್ತೆ, ಜೊತೆಗೆ ತಮ್ಮದೇ ಕಾಲಾಳುಗಳು. ಅವರ ನಡುವೆ ದಾರಿ ಮಾಡಿಕೊಂಡು ಗ್ರೇಸ್ ಸವಾರರು ಮೊದಲು ಮುಂದೆ ಸಾಗಿದ್ದು ಹೆಚ್ಚುಕಡಿಮೆ ನಡಿಗೆಯ ವೇಗದಲ್ಲಿ. ಇನ್ನು ತಲೆಯ ಮೇಲಿನ ಎತ್ತರದ ಕರಡಿ ತುಪ್ಪಳದ ಟೋಪಿ, ಬಿಳಿ ಗರಿ? ಟೋಪಿಗೆ ಅಂದು ಮಳೆಗೆಂದು ಎಣ್ಣೆಬಟ್ಟೆಯ ಹೊದಿಕೆ ಹಾಕಿತ್ತು. ಕಾಲಲ್ಲಿ ಬಿಳಿ ಚಲ್ಲಣವಲ್ಲ, ಬೂದು ಷರಾಯಿ.

ಈಗ ಬೊಂಬೆ ಮಾಡುವವನ ಮುಂದೆ ಎರಡು ದಾರಿ. ಚಿತ್ರದಂತೆ ಚೆಂದ ಮಾಡುವುದು, ಇಲ್ಲವೇ ಆ ದಿನ ಇದ್ದಂತೆ ಮಾಡುವುದು. ಎರಡನೆಯದನ್ನು ಆರಿಸಿದವನು ಗರಗಸದಂಥ ತೆಳು ಬ್ಲೇಡಿನಿಂದ ಚಾಚಿದ ಕಾಲುಗಳನ್ನು ಕತ್ತರಿಸುತ್ತಾನೆ. ಕತ್ತರಿಸಿದಲ್ಲಿ ತೂತು ಕೊರೆದು ಹಿತ್ತಾಳೆಯ ತಂತಿ ತೂರಿಸಿ, ಕಾಲನ್ನು ನಡಿಗೆಯ ಭಂಗಿಗೆ ಬಗ್ಗಿಸಿ ಕೂರಿಸುತ್ತಾನೆ. ಸಂದಿಗೆ ಎರಡು ಮುದ್ದೆ ಕಲಸಿ ಹಚ್ಚುವ ಎಪಾಕ್ಸಿ ಮೇಣ. ನಮ್ಮಲ್ಲಿ ಸೋರುವ ಪೈಪಿಗೆ ಹಚ್ಚುವ ಎಂ-ಸೀಲ್ ಇದೆಯಲ್ಲ, ಅದೇ ಜಾತಿಯದು. ಗರಿಯನ್ನು ಕೆತ್ತಿ ತೆಗೆದು, ತುಪ್ಪಳದ ಮೇಲೆ ಅದೇ ಮೇಣವನ್ನು ತೆಳುವಾಗಿ ಸವರಿ, ಒದ್ದೆ ಸೂಜಿಯಿಂದ ಮಡಿಕೆ ಎಳೆದರೆ ಎಣ್ಣೆಬಟ್ಟೆ ಸಿದ್ಧ. ಲಗಾಮಿಗೆ ತೆಳು ಲೋಹದ ಹಾಳೆಯ ಪಟ್ಟಿ.

ಕುದುರೆಯ ನಡಿಗೆಗೂ ಒಂದು ಚರಿತ್ರೆಯಿದೆ. ಹಿಂದಿನ ಚಿತ್ರಗಾರರು ಓಡುವ ಕುದುರೆಯ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಅದು ಗಾಳಿಯಲ್ಲಿ ತೇಲುವಂತೆ ಬರೆಯುತ್ತಿದ್ದರು. 1878ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮರಾಗಳನ್ನಿಟ್ಟು ಓಡುವ ಕುದುರೆಯ ಫೋಟೋ ತೆಗೆದ ಮೇಲೆ, ನಾಲ್ಕೂ ಕಾಲು ನೆಲ ಬಿಟ್ಟಿರುವ ಗಳಿಗೆಯಲ್ಲಿ ಅವು ಹೊಟ್ಟೆಯ ಕೆಳಗೆ ಮಡಚಿರುತ್ತವೆ ಎಂಬುದು ಸಿದ್ಧವಾಯಿತು. ನಡೆಯುವ ಕುದುರೆಗಾದರೋ ಕಡಿಮೆಯೆಂದರೆ ಎರಡು ಕಾಲು ಯಾವಾಗಲೂ ನೆಲದ ಮೇಲಿರಬೇಕು.

ಬಣ್ಣವೂ ಅಷ್ಟೆ. ಬೂದು ಕುದುರೆ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಬೂದು ಅಲ್ಲ. ಅವು ಹುಟ್ಟುವಾಗ ಗಾಢ ಬಣ್ಣದಲ್ಲಿದ್ದು ವಯಸ್ಸಾದಂತೆ ಬೆಳ್ಳಗಾಗುತ್ತವೆ. ಆದ್ದರಿಂದ ಒಂದೇ ಸಾಲಿನಲ್ಲಿ ಕಡು ಬೂದಿನಿಂದ ಹಾಲುಬಿಳುಪಿನವರೆಗೆ ಎಲ್ಲವೂ ಇರಬೇಕು. ಕಂದು ಕುದುರೆಗೆ ಇನ್ನೊಂದು ಉಪಾಯವಿದೆ. ಮೊದಲು ಕಾವಿ ಹಳದಿಯಂಥ ತಿಳಿ ಬಣ್ಣ ಬಳಿದು ಒಣಗಿಸಿ, ಅದರ ಮೇಲೆ ಕಡುಕಂದು ತೈಲವರ್ಣ ಹಚ್ಚಿ, ಹಸಿ ಇರುವಾಗಲೇ ಬಟ್ಟೆಯಿಂದ ಒರೆಸುವುದು. ಮಾಂಸಖಂಡಗಳ ಉಬ್ಬಿನಲ್ಲಿ ತಿಳಿ, ತಗ್ಗಿನಲ್ಲಿ ಗಾಢ. ಕುದುರೆಯ ಮೈ ಬಿಸಿಲಿನಲ್ಲಿ ಮಿರುಗಿದಂತೆ ಕಾಣುತ್ತದೆ.

ಎದುರು ಪಾಳೆಯದಲ್ಲಿಯೂ ಇದೇ ಪ್ರಶ್ನೆ. ಎದೆಗೂ ಬೆನ್ನಿಗೂ ಉಕ್ಕಿನ ಕವಚ ತೊಟ್ಟ ಫ್ರೆಂಚ್ ರಾವುತರೆಂದರೆ ಬೊಂಬೆಯವರಿಗೆ ಬಲು ಪ್ರೀತಿ. ಆದರೆ ವಾಟರ್ಲೂವಿನಲ್ಲಿ ಅವರ 11ನೇ ದಳಕ್ಕೆ ಕವಚವೇ ಇರಲಿಲ್ಲ. ಆ ದಳವನ್ನು ಮಾಡುವವನು ಬೊಂಬೆಯ ಕವಚ ಕೆತ್ತಿ ತೆಗೆದು ಅಂಗಿಯ ಗುಂಡಿಗಳನ್ನು ಕೂರಿಸಬೇಕು. ಕವಚ ಇದ್ದವರ ಗತಿಯೇನು? ಪ್ಯಾರಿಸ್ಸಿನ ಸೇನಾ ಮ್ಯೂಸಿಯಂನಲ್ಲಿ ಫೋವೋ ಎಂಬ ಕ್ಯಾರಬಿನಿಯೆ ಸವಾರನ ಕವಚವಿದೆ. ಎದೆಯ ಬಲಭಾಗದಲ್ಲಿ ತೋಪಿನ ಗುಂಡು ಹೊಕ್ಕು ಬೆನ್ನಿನಿಂದ ಹೊರಬಿದ್ದ ದೊಡ್ಡ ತೂತು. ಅದನ್ನು ತೊಟ್ಟವನಿಗೆ 23 ವರ್ಷ. ಗ್ರೇಸ್ ದಳದವರೂ ಗೆದ್ದ ಉಮೇದಿನಲ್ಲಿ ಫ್ರೆಂಚ್ ತೋಪುಗಳವರೆಗೂ ಹೋಗಿ, ಹಿಂತಿರುಗುವಾಗ ಈಟಿಯ ಸವಾರರಿಗೆ ಸಿಕ್ಕಿಬಿದ್ದರು. ಸತ್ತವರು, ಗಾಯಗೊಂಡವರು ಸೇರಿ ಸುಮಾರು 200 ಮಂದಿ.

ಬೊಂಬೆಯಿಂದ ಇತಿಹಾಸ ಬರೆಯಲು ಹೊರಟು ಕಷ್ಟಕ್ಕೆ ಬಿದ್ದವನ ಕಥೆ ಹೇಳದೆ ಈ ಮಾತು ಮುಗಿಯದು. 1830ರಲ್ಲಿ ವಿಲಿಯಂ ಸಿಬೋರ್ನ್ ಎಂಬ ಬ್ರಿಟಿಷ್ ಸೇನಾಧಿಕಾರಿಗೆ ವಾಟರ್ಲೂ ಯುದ್ಧದ ಮಾದರಿ ಮಾಡಲು ಆದೇಶವಾಯಿತು. ಅವನು ಯುದ್ಧಭೂಮಿಯ ನಡುವಿನ ಲಾ ಹೇ ಸೇಂತ್ ಎಂಬ ಹೊಲಮನೆಯಲ್ಲಿ ಎಂಟು ತಿಂಗಳು ಬಿಡಾರ ಮಾಡಿ ಇಡೀ ನೆಲವನ್ನು ಅಳೆದ. ಆಮೇಲೆ ಬದುಕಿದ್ದ ಅಧಿಕಾರಿಗಳಿಗೆಲ್ಲ ಪತ್ರ ಬರೆದ: ಸಂಜೆ 7 ಗಂಟೆಗೆ ನಿಮ್ಮ ದಳ ಎಲ್ಲಿತ್ತು? ಎದುರು ಯಾರಿದ್ದರು? ಹೊಲದಲ್ಲಿ ಯಾವ ಬೆಳೆಯಿತ್ತು? ನೂರಾರು ಉತ್ತರಗಳು ಬಂದವು, ಒಂದಕ್ಕೊಂದು ಹೊಂದದವೂ ಬಂದವು. ನಡುವೆ 1833ರಲ್ಲಿ ಸರಕಾರ ಹಣ ನಿಲ್ಲಿಸಿತು. ಸಿಬೋರ್ನ್ ಸಾಲ ಮಾಡಿ ಮುಂದುವರಿಸಿದ. 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನವಾಯಿತು. ಒಂದೊಂದು 10 ಮಿ.ಮೀ. ಎತ್ತರದ, 70 ಸಾವಿರಕ್ಕೂ ಹೆಚ್ಚು ಬೊಂಬೆಗಳು!

ಆದರೆ ಒಂದು ತಕರಾರು. ಸಾಕ್ಷಿಗಳನ್ನು ತೂಗಿ ನೋಡಿದ ಸಿಬೋರ್ನ್, ಬ್ರಿಟಿಷರ ನೆರವಿಗೆ ಬಂದ ಪ್ರಷ್ಯದ ಸೈನ್ಯವನ್ನು ದೊಡ್ಡ ಸಂಖ್ಯೆಯಲ್ಲಿ ಇಟ್ಟಿದ್ದ. ಗೆಲುವಿನ ಕೀರ್ತಿಯಲ್ಲಿ ಅವರಿಗೆ ಅಷ್ಟು ಪಾಲು ಹೋಗುವುದು ಡ್ಯೂಕ್ ಆಫ್ ವೆಲಿಂಗ್ಟನ್ನನಿಗೂ ಅವನ ಕಡೆಯವರಿಗೂ ಹಿಡಿಸಲಿಲ್ಲ. ಈ ವೆಲಿಂಗ್ಟನ್ ನಮಗೆ ಹೊಸಬನಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ, ಮರುವರ್ಷ ಧೋಂಡಿಯಾ ವಾಘನ ಮೇಲೆ ತಾನೇ ಕುದುರೆ ದಂಡು ನಡೆಸಿಕೊಂಡು ಹೋದ ಆರ್ಥರ್ ವೆಲ್ಲೆಸ್ಲಿಯೇ ಈತ. ಕೊನೆಗೆ ಸುಮಾರು 40 ಸಾವಿರ ಪ್ರಷ್ಯನ್ನರನ್ನು ಪ್ರತಿನಿಧಿಸುತ್ತಿದ್ದ ಬೊಂಬೆಗಳು ಮಾದರಿಯಿಂದ ಹೊರಬಿದ್ದವು. ಲಂಡನ್ನಿನ ರಾಷ್ಟ್ರೀಯ ಸೇನಾ ಮ್ಯೂಸಿಯಂಗೆ ಸೇರಿದ ಆ ಮಾದರಿ ನೋಡಲು ಅದ್ಭುತ. ಆದರೆ ಅಲ್ಲಿ ಕಾಣದ ಆ ಬೊಂಬೆಗಳೂ ಇತಿಹಾಸವೇ ಅಲ್ಲವೇ? ಸಿಬೋರ್ನ್ ಇದೇ ಭಾರೀ ಕುದುರೆ ದಂಡಿನ ದಾಳಿಯ ಇನ್ನೊಂದು ಮಾದರಿಯನ್ನೂ ಮಾಡಿದ. ಅದು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದೆ. ಹಾಕಿದ ಹಣ ಅವನಿಗೆ ಮರಳಲಿಲ್ಲ. 1849ರಲ್ಲಿ ತೀರಿಕೊಂಡ. ಅವನಿಗೆ ಬಂದ ಪತ್ರಗಳಲ್ಲಿ ಒಂದಷ್ಟನ್ನು ಮಗ 1891ರಲ್ಲಿ ಪುಸ್ತಕವಾಗಿ ತಂದ. ಇಂದಿಗೂ ವಾಟರ್ಲೂ ಬಗ್ಗೆ ಬರೆಯುವವರು ಆ ಪತ್ರಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಸಾಕ್ಷಿ ಕಾಗದದಲ್ಲಿ ಮಾತ್ರ ಇಲ್ಲ, ಮಣ್ಣಿನಲ್ಲೂ ಇದೆ. 2022ರಲ್ಲಿ ವಾಟರ್ಲೂವಿನ ಮಾಂಟ್ ಸೇಂಟ್ ಜೀನ್ ಹೊಲಮನೆಯ ಹತ್ತಿರ ಅಗೆದಾಗ ಮನುಷ್ಯನ ಅಸ್ಥಿಪಂಜರದೊಂದಿಗೆ ಕುದುರೆಗಳ ಎಲುಬುಗಳೂ ಸಿಕ್ಕವು. ಯುದ್ಧದ ದಿನ ಅಲ್ಲಿ ಗಾಯಾಳುಗಳ ಆಸ್ಪತ್ರೆಯಿತ್ತು.

ನಮ್ಮ ಮಕ್ಕಳಿಗೆ ಹೇಳಬಹುದಾದ ಕೆಲಸ ಇಷ್ಟೆ. ನೆಪೋಲಿಯನ್ನನ ರಾವುತನೇ ಆಗಬೇಕೆಂದಿಲ್ಲ, ಜಾತ್ರೆಯಲ್ಲಿ ಸಿಗುವ ಯಾವುದೋ ಪ್ಲಾಸ್ಟಿಕ್ ಸಿಪಾಯಿಯಾದರೂ ಸಾಕು. ಬಣ್ಣ ಬಳಿಯುವ ಮೊದಲು ಮೂರು ಪ್ರಶ್ನೆ ಕೇಳಲಿ: ನಿಯಮದಲ್ಲಿ ಹೇಗಿತ್ತು, ಚಿತ್ರದಲ್ಲಿ ಹೇಗಿದೆ, ಕಣ್ಣಾರೆ ಕಂಡವರು ಏನೆಂದರು? ಮೂರೂ ಬೇರೆಬೇರೆಯಾದಾಗ ಯಾವುದನ್ನು ನಂಬಿದೆ, ಯಾಕೆ ನಂಬಿದೆ ಎಂದು ಒಂದು ಚೀಟಿಯಲ್ಲಿ ಬರೆದು ಬೊಂಬೆಯ ಪೀಠದ ಅಡಿಗೆ ಅಂಟಿಸಲಿ. ಪಕ್ಕದಲ್ಲಿ ನಿಲ್ಲಬೇಕಾಗಿದ್ದು ನಿಲ್ಲದೆ ಹೋದವರು ಯಾರಾದರೂ ಇದ್ದರೆ ಅವರ ಹೆಸರನ್ನೂ ಆ ಚೀಟಿಯಲ್ಲಿ ಬರೆಯಲಿ.