ಅಪಾಚೆ ಮೇವನ್ (ಲಿನಕ್ಸ್‌ನಲ್ಲಿ ಅನುಸ್ಥಾಪನೆ)

ಅಪಾಚೆ ಮೇವನ್ ಎಂಬುದು ಮುಖ್ಯವಾಗಿ ಜಾವಾ ಭಾಷೆಯ ಯೋಜನೆಗಳಿಗಾಗಿ ಬಳಸಲಾಗುವ ನಿರ್ಮಾಣ ಸ್ವಯಂಚಾಲನೆಯ ತಂತ್ರಾಂಶ. ಮೂಲಸಂಕೇತವನ್ನು ಸಂಕಲಿಸುವುದು, ಪರೀಕ್ಷೆಗಳನ್ನು ನಡೆಸುವುದು, ಬೇಕಾದ ಗ್ರಂಥಾಲಯ ಕಡತಗಳನ್ನು ಅಂತರಜಾಲದಿಂದ ತರುವುದು ಹಾಗೂ ಅಂತಿಮ ಫಲಿತವನ್ನು 'ಜಾರ್' ಕಡತವಾಗಿ ಕಟ್ಟುವುದು ಇದರ ಪ್ರಮುಖ ಕಾರ್ಯಗಳು. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಇದನ್ನು ಅಪಾಚೆ ಪರವಾನಗಿ 2.0ರ ಅಡಿಯಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡುತ್ತದೆ. 'ಮೇವನ್' ಎಂಬುದು ಯಿಡ್ಡಿಷ್ ಭಾಷೆಯಿಂದ ಬಂದ ಪದ. ಬಲ್ಲವನು, ಜ್ಞಾನವನ್ನು ಕೂಡಿಟ್ಟವನು ಎಂಬ ಅರ್ಥವನ್ನು ಕೊಡುತ್ತದೆ.

ಈ ಲೇಖನದಲ್ಲಿ ಆದೇಶಗಳನ್ನೂ ಕಡತಗಳ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ಇತಿಹಾಸ

ಅಪಾಚೆಯ ಜಕಾರ್ತಾ ಟರ್ಬೈನ್ ಯೋಜನೆಯ ಭಾಗಗಳನ್ನು ಒಂದೇ ಕ್ರಮದಲ್ಲಿ ನಿರ್ಮಿಸುವ ಪ್ರಯತ್ನದಿಂದ ಮೇವನ್ ಹುಟ್ಟಿತು. ಇದರ ಮೂಲ ಕರ್ತೃ ಜೇಸನ್ ವಾನ್ ಝಿಲ್. 2003ರಲ್ಲಿ ಇದು ಅಪಾಚೆಯ ಸ್ವತಂತ್ರ ಯೋಜನೆಯಾಯಿತು. ಮೊದಲ ಆವೃತ್ತಿ 2004ರಲ್ಲಿ, ಎರಡನೆಯದು 2005ರಲ್ಲಿ ಮತ್ತು ಮೂರನೆಯದು 2010ರಲ್ಲಿ ಹೊರಬಂದವು. 3.9 ಸರಣಿ 2023ರಲ್ಲಿ ಆರಂಭವಾಯಿತು.

ಕಾರ್ಯವಿಧಾನ

ಮೇವನ್ ಯೋಜನೆಯ ಕೇಂದ್ರದಲ್ಲಿರುವುದು 'ಪಾಮ್.ಎಕ್ಸ್‌ಎಂಎಲ್' ಎಂಬ ಕಡತ. ಯೋಜನೆಯ ಹೆಸರು, ಆವೃತ್ತಿ, ಅವಲಂಬನೆಗಳು ಹಾಗೂ ಪ್ಲಗಿನ್‌ಗಳು ಇದರಲ್ಲಿ ದಾಖಲಾಗಿರುತ್ತವೆ. ಮೂಲಸಂಕೇತವು 'ಎಸ್‌ಆರ್‌ಸಿ/ಮೇನ್/ಜಾವಾ' ಕಡತಕೋಶದಲ್ಲಿ, ಪರೀಕ್ಷೆಗಳು 'ಎಸ್‌ಆರ್‌ಸಿ/ಟೆಸ್ಟ್/ಜಾವಾ' ಕಡತಕೋಶದಲ್ಲಿ ಇರಬೇಕೆಂಬುದು ರೂಢಿ. ಫಲಿತಾಂಶವು 'ಟಾರ್ಗೆಟ್' ಕಡತಕೋಶಕ್ಕೆ ಬರುತ್ತದೆ. ರೂಢಿಯನ್ನು ಅನುಸರಿಸಿದ ಯೋಜನೆಗೆ ಪ್ರತ್ಯೇಕ ಸೂಚನೆಗಳನ್ನು ಬರೆಯುವ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ.

ನಿರ್ಮಾಣವು ಹಂತಗಳಲ್ಲಿ ನಡೆಯುತ್ತದೆ. ಒಂದು ಹಂತವನ್ನು ಕೇಳಿದರೆ ಅದರ ಹಿಂದಿನ ಎಲ್ಲ ಹಂತಗಳೂ ಕ್ರಮವಾಗಿ ನಡೆಯುತ್ತವೆ. ಮುಖ್ಯ ಹಂತಗಳು ಇವು:

* ವ್ಯಾಲಿಡೇಟ್: ಯೋಜನೆಯ ವಿವರಗಳು ಸರಿಯಾಗಿವೆಯೇ ಎಂದು ನೋಡುವುದು
* ಕಂಪೈಲ್: ಮೂಲಸಂಕೇತವನ್ನು ಸಂಕಲಿಸುವುದು
* ಟೆಸ್ಟ್: ಘಟಕ ಪರೀಕ್ಷೆಗಳನ್ನು ನಡೆಸುವುದು
* ಪ್ಯಾಕೇಜ್: ಜಾರ್ ಮುಂತಾದ ರೂಪದಲ್ಲಿ ಕಟ್ಟುವುದು
* ವೆರಿಫೈ: ಕಟ್ಟಿದ ಫಲಿತದ ಗುಣಮಟ್ಟವನ್ನು ಪರಿಶೀಲಿಸುವುದು
* ಇನ್‌ಸ್ಟಾಲ್: ಫಲಿತವನ್ನು ಬಳಕೆದಾರನ ಸ್ಥಳೀಯ ಭಂಡಾರದಲ್ಲಿ ಇಡುವುದು
* ಡಿಪ್ಲಾಯ್: ಫಲಿತವನ್ನು ದೂರದ ಭಂಡಾರಕ್ಕೆ ಕಳುಹಿಸುವುದು

ಇಲ್ಲಿನ 'ಇನ್‌ಸ್ಟಾಲ್' ಹಂತಕ್ಕೂ ಮೇವನ್ ತಂತ್ರಾಂಶವನ್ನು ಗಣಕಯಂತ್ರದಲ್ಲಿ ಅನುಸ್ಥಾಪಿಸುವುದಕ್ಕೂ ಸಂಬಂಧವಿಲ್ಲ. ಹೊಸಬರು ಇವೆರಡನ್ನೂ ಒಂದೆಂದು ತಿಳಿಯುವುದುಂಟು.

ಅನುಸ್ಥಾಪನೆಗೆ ಪೂರ್ವಸಿದ್ಧತೆ

ಮೇವನ್ ಸ್ವತಃ ಜಾವಾದಲ್ಲಿ ಬರೆದ ತಂತ್ರಾಂಶವಾದ್ದರಿಂದ ಗಣಕಯಂತ್ರದಲ್ಲಿ ಜಾವಾ ಮೊದಲೇ ಇರಬೇಕು. ಜಾವಾ ಕಾರ್ಯಕ್ರಮಗಳನ್ನು ಕೇವಲ ನಡೆಸಬಲ್ಲ ಜೆಆರ್‌ಇ ಇದ್ದರೆ ಸಾಲದು. ಸಂಕಲಕವನ್ನೂ ಒಳಗೊಂಡ ಜೆಡಿಕೆ ಬೇಕಾಗುತ್ತದೆ. ಮೇವನ್ 3.9 ಸರಣಿಗೆ ಜಾವಾ 8 ಅಥವಾ ನಂತರದ ಆವೃತ್ತಿ ಸಾಕು. ಮೇವನ್ 4ಕ್ಕೆ ಜಾವಾ 17 ಅಗತ್ಯ. 'ಜಾವಾಸಿ --ವರ್ಷನ್' ಎಂಬ ಆದೇಶ ಉತ್ತರ ಕೊಟ್ಟರೆ ಸಂಕಲಕ ಇದೆಯೆಂದು ತಿಳಿಯಬಹುದು. ಜಾವಾ 8ರಲ್ಲಿ ಮಾತ್ರ ಒಂದೇ ಅಡ್ಡಗೆರೆಯ '-ವರ್ಷನ್' ಎಂದು ಬರೆಯಬೇಕು.

ವಿತರಣೆಯ ಭಂಡಾರದಿಂದ ಅನುಸ್ಥಾಪನೆ

ಲಿನಕ್ಸ್ ವಿತರಣೆಗಳು ತಮ್ಮ ಭಂಡಾರಗಳಲ್ಲಿ ಮೇವನ್ ಅನ್ನು ಇಟ್ಟಿರುತ್ತವೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ 'ಸುಡೊ ಎಪಿಟಿ ಇನ್‌ಸ್ಟಾಲ್ ಮೇವನ್', ಫೆಡೋರಾದಲ್ಲಿ 'ಸುಡೊ ಡಿಎನ್‌ಎಫ್ ಇನ್‌ಸ್ಟಾಲ್ ಮೇವನ್' ಎಂಬ ಆದೇಶಗಳು ಇದಕ್ಕೆ ಸಾಕು. ಮುಂದಿನ ಭದ್ರತಾ ಪರಿಷ್ಕರಣೆಗಳು ವ್ಯವಸ್ಥೆಯ ಇತರ ಪರಿಷ್ಕರಣೆಗಳೊಡನೆಯೇ ಬರುವುದು ಈ ವಿಧಾನದ ಅನುಕೂಲ.

ಆವೃತ್ತಿ ಹಳೆಯದಾಗಿರುವುದು ಇದರ ಮಿತಿ. ಉಬುಂಟು 22.04ರ ಭಂಡಾರದಲ್ಲಿರುವುದು ಮೇವನ್ 3.6.3, ಉಬುಂಟು 24.04ರಲ್ಲಿ 3.8.7. ಯೋಜನೆಯೊಂದು ಹೊಸ ಆವೃತ್ತಿಯನ್ನು ಕೇಳಿದಾಗ ಮುಂದಿನ ವಿಧಾನವನ್ನು ಅನುಸರಿಸಬೇಕಾಗುತ್ತದೆ.

ಅಪಾಚೆ ಜಾಲತಾಣದಿಂದ ಅನುಸ್ಥಾಪನೆ

ಮೇವನ್‌ಗೆ ಪ್ರತ್ಯೇಕ ಅನುಸ್ಥಾಪಕವಿಲ್ಲ. ಸುಮಾರು 9 ಮೆಗಾಬೈಟ್ ಗಾತ್ರದ 'ಬಿನ್.ಟಾರ್.ಜಿಝೆಡ್' ಸಂಕುಚಿತ ಕಡತವನ್ನು ಬಿಡಿಸಿಟ್ಟರೆ ತಂತ್ರಾಂಶ ಸಿದ್ಧ. ಕ್ರಮ ಹೀಗಿದೆ:

1. ಅಪಾಚೆ ಮೇವನ್‌ನ ಅಧಿಕೃತ ಜಾಲತಾಣದಿಂದ ಸಂಕುಚಿತ ಕಡತವನ್ನೂ ಅದರ ಎಸ್‌ಎಚ್‌ಎ-512 ಮೊತ್ತದ ಕಡತವನ್ನೂ ಇಳಿಸಿಕೊಳ್ಳುವುದು.
2. 'ಎಸ್‌ಎಚ್‌ಎ512ಸಮ್' ಆದೇಶದಿಂದ ದೊರೆತ ಮೊತ್ತವನ್ನು ಜಾಲತಾಣದ ಮೊತ್ತದೊಡನೆ ಹೋಲಿಸುವುದು. ಎರಡೂ ಒಂದೇ ಆಗಿರದಿದ್ದರೆ ಕಡತ ಅಪೂರ್ಣವಾಗಿದೆ ಅಥವಾ ಬದಲಾಗಿದೆ ಎಂದರ್ಥ; ಅದನ್ನು ಬಳಸಬಾರದು.
3. ಕಡತವನ್ನು '/ಒಪಿಟಿ' ಕಡತಕೋಶದಲ್ಲಿ 'ಟಾರ್' ಆದೇಶದಿಂದ ಬಿಡಿಸುವುದು. ನಿರ್ವಾಹಕ ಅಧಿಕಾರವಿಲ್ಲದ ಬಳಕೆದಾರರು ತಮ್ಮ ಮನೆ ಕಡತಕೋಶದಲ್ಲಿಯೇ ಬಿಡಿಸಿಕೊಳ್ಳಬಹುದು.
4. ಬಿಡಿಸಿದ ಕಡತಕೋಶದೊಳಗಿನ 'ಬಿನ್' ಕಡತಕೋಶವನ್ನು 'ಪಾತ್' ಎಂಬ ಪರಿಸರ ಚರಾಂಶಕ್ಕೆ ಸೇರಿಸುವುದು. ಒಬ್ಬನೇ ಬಳಕೆದಾರನಿಗಾದರೆ '.ಬ್ಯಾಶ್‌ಆರ್‌ಸಿ' ಕಡತದಲ್ಲಿ, ಎಲ್ಲರಿಗೂ ಬೇಕಾದರೆ '/ಇಟಿಸಿ/ಪ್ರೊಫೈಲ್.ಡಿ' ಕಡತಕೋಶದಲ್ಲಿ ಈ ಸಾಲನ್ನು ಬರೆಯಲಾಗುತ್ತದೆ.
5. 'ಜಾವಾ_ಹೋಮ್' ಚರಾಂಶಕ್ಕೆ ಜೆಡಿಕೆ ಇರುವ ಕಡತಕೋಶದ ದಾರಿಯನ್ನು ಕೊಡುವುದು. ಇದು ಡೆಬಿಯನ್ ಮತ್ತು ಉಬುಂಟುಗಳಲ್ಲಿ ಸಾಮಾನ್ಯವಾಗಿ '/ಯುಎಸ್‌ಆರ್/ಲಿಬ್/ಜೆವಿಎಂ' ಒಳಗೆ ಇರುತ್ತದೆ.

ಹಳೆಯ ಕೈಪಿಡಿಗಳಲ್ಲಿ 'ಎಂ2_ಹೋಮ್' ಎಂಬ ಚರಾಂಶದ ಉಲ್ಲೇಖವಿರುತ್ತದೆ. 3.5.0 ಆವೃತ್ತಿಯಿಂದೀಚೆಗೆ ಮೇವನ್ ಅದನ್ನು ಬಳಸುವುದಿಲ್ಲ.

ಹೊಸ ಟರ್ಮಿನಲ್ ತೆರೆದು 'ಎಂವಿಎನ್ --ವರ್ಷನ್' ಎಂಬ ಆದೇಶ ಕೊಟ್ಟಾಗ ಮೇವನ್‌ನ ಆವೃತ್ತಿ, ಅದು ಇರುವ ಕಡತಕೋಶ ಮತ್ತು ಅದು ಬಳಸುತ್ತಿರುವ ಜಾವಾ ಆವೃತ್ತಿ ಕಾಣಿಸಿದರೆ ಅನುಸ್ಥಾಪನೆ ಯಶಸ್ವಿಯಾಗಿದೆ. ಗಣಕಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ಜಾವಾ ಆವೃತ್ತಿಗಳಿದ್ದರೆ ಕೊನೆಯ ವಿವರವನ್ನು ಗಮನವಿಟ್ಟು ನೋಡಬೇಕು.

ಸ್ಥಳೀಯ ಭಂಡಾರ ಮತ್ತು ಅಂತರಜಾಲ ಸಂಪರ್ಕ

ಮೊದಲ ಬಾರಿ ಯೋಜನೆಯೊಂದನ್ನು ನಿರ್ಮಿಸುವಾಗ ಮೇವನ್ ತನ್ನ ಪ್ಲಗಿನ್‌ಗಳನ್ನೂ ಯೋಜನೆಯ ಅವಲಂಬನೆಗಳನ್ನೂ ಕೇಂದ್ರ ಭಂಡಾರದಿಂದ ಇಳಿಸಿಕೊಂಡು, ಬಳಕೆದಾರನ ಮನೆ ಕಡತಕೋಶದ '.ಎಂ2/ರೆಪಾಸಿಟರಿ' ಒಳಗೆ ಇಡುತ್ತದೆ. ಆದ್ದರಿಂದ ಮೊದಲ ನಿರ್ಮಾಣ ನಿಧಾನವಾಗಿರುತ್ತದೆ. ಮುಂದಿನವು ಬೇಗ ಮುಗಿಯುತ್ತವೆ. ಹೀಗೆ ಎಲ್ಲವೂ ಒಮ್ಮೆ ಸಂಗ್ರಹವಾದ ಬಳಿಕ '--ಆಫ್‌ಲೈನ್' ಆಯ್ಕೆಯೊಡನೆ ಅಂತರಜಾಲವಿಲ್ಲದೆಯೂ ಕೆಲಸ ಮಾಡಬಹುದು. ಸಂಪರ್ಕ ನಿಂತುಹೋಗಬಹುದಾದ ಪ್ರಾಯೋಗಿಕ ಪರೀಕ್ಷೆಗಳಿಗೆ ಮುನ್ನ ಯೋಜನೆಯನ್ನು ಒಮ್ಮೆ 'ಪ್ಯಾಕೇಜ್' ಹಂತದವರೆಗೆ ನಿರ್ಮಿಸಿಟ್ಟುಕೊಳ್ಳುವುದು ಇದೇ ಕಾರಣಕ್ಕೆ ಉಪಯುಕ್ತ.

ಕಾಲೇಜು ಮತ್ತು ಕಚೇರಿಗಳಲ್ಲಿ ಅಂತರಜಾಲವು ಪ್ರಾಕ್ಸಿ ಸರ್ವರ್ ಮೂಲಕ ದೊರೆಯುತ್ತಿದ್ದರೆ ಅದರ ವಿಳಾಸವನ್ನು '.ಎಂ2/ಸೆಟಿಂಗ್ಸ್.ಎಕ್ಸ್‌ಎಂಎಲ್' ಕಡತದಲ್ಲಿ ಬರೆಯಬೇಕು. ಬ್ರೌಸರ್‌ನಲ್ಲಿ ಪುಟಗಳು ತೆರೆಯುತ್ತಿದ್ದರೂ ಮೇವನ್ ಕಡತಗಳನ್ನು ತರಲಾಗದಿದ್ದರೆ ಮೊದಲು ನೋಡಬೇಕಾದ ಸ್ಥಳ ಇದು.

ಸಾಮಾನ್ಯ ದೋಷಗಳು

* 'ಎಂವಿಎನ್' ಆದೇಶ ಸಿಗಲಿಲ್ಲ ಎಂಬ ಸಂದೇಶ: 'ಪಾತ್' ಚರಾಂಶದಲ್ಲಿ 'ಬಿನ್' ಕಡತಕೋಶ ಸೇರಿಲ್ಲ, ಅಥವಾ ಬದಲಾವಣೆಯ ಬಳಿಕ ಹೊಸ ಟರ್ಮಿನಲ್ ತೆರೆದಿಲ್ಲ.
* 'ಜಾವಾ_ಹೋಮ್' ಸರಿಯಾಗಿಲ್ಲ ಎಂಬ ಸಂದೇಶ: ದಾರಿ ತಪ್ಪಾಗಿದೆ. ಜೆಡಿಕೆಯ ಒಳಗಿನ 'ಬಿನ್' ಕಡತಕೋಶವನ್ನಲ್ಲ, ಜೆಡಿಕೆಯ ಕಡತಕೋಶವನ್ನೇ ಕೊಡಬೇಕು.
* ಸಂಕಲಕವಿಲ್ಲ ಎಂಬ ಸಂದೇಶ: ಜೆಡಿಕೆಯ ಬದಲು ಜೆಆರ್‌ಇ ಮಾತ್ರ ಇದೆ.
* ಸೋರ್ಸ್ ಆಯ್ಕೆ 5ಕ್ಕೆ ಬೆಂಬಲವಿಲ್ಲ ಎಂಬ ಸಂದೇಶ: ಹಳೆಯ ಸಂಕಲಕ ಪ್ಲಗಿನ್ ಜಾವಾ 5ರ ಮಟ್ಟವನ್ನು ಊಹಿಸಿಕೊಂಡಿದೆ. ಬಳಸುವ ಜಾವಾ ಆವೃತ್ತಿಯನ್ನು 'ಪಾಮ್.ಎಕ್ಸ್‌ಎಂಎಲ್' ಕಡತದಲ್ಲಿ ನಮೂದಿಸಬೇಕು.
* ಅನುಮತಿ ಇಲ್ಲ ಎಂಬ ಸಂದೇಶ: ಹಿಂದೊಮ್ಮೆ 'ಸುಡೊ' ಬಳಸಿ ನಿರ್ಮಾಣ ನಡೆಸಿದ್ದರೆ 'ಟಾರ್ಗೆಟ್' ಕಡತಕೋಶದ ಒಡೆತನ ನಿರ್ವಾಹಕನಿಗೆ ಹೋಗಿರುತ್ತದೆ. ಯೋಜನೆಯ ನಿರ್ಮಾಣಕ್ಕೆ 'ಸುಡೊ' ಅಗತ್ಯವಿಲ್ಲ.

ಭದ್ರತೆ

ಮೇವನ್ ತರುವ ಕಡತಗಳು ನೇರವಾಗಿ ಯೋಜನೆಯೊಳಗೆ ಸೇರುವುದರಿಂದ ಅವು ಬರುವ ದಾರಿಯ ಸುರಕ್ಷತೆ ಮುಖ್ಯ. 2020ರ ಜನವರಿ 15ರಿಂದ ಕೇಂದ್ರ ಭಂಡಾರವು ಗೂಢಲಿಪೀಕರಣವಿಲ್ಲದ ಎಚ್‌ಟಿಟಿಪಿ ಸಂಪರ್ಕವನ್ನು ನಿಲ್ಲಿಸಿ ಎಚ್‌ಟಿಟಿಪಿಎಸ್ ಅನ್ನು ಕಡ್ಡಾಯಗೊಳಿಸಿತು. ಹಳೆಯ ವಿಳಾಸವಿರುವ ಯೋಜನೆಗಳಲ್ಲಿ ಅಂದಿನಿಂದ 501 ಸಂಖ್ಯೆಯ ದೋಷ ಕಾಣಿಸಿಕೊಳ್ಳುತ್ತದೆ. 2021ರಲ್ಲಿ ಬಂದ ಮೇವನ್ 3.8.1 ಹೊರಗಿನ ಎಲ್ಲ ಎಚ್‌ಟಿಟಿಪಿ ಭಂಡಾರಗಳನ್ನೂ ತಾನಾಗಿಯೇ ತಡೆಯುತ್ತದೆ.

ಅವಲಂಬನೆಗಳಿಗೂ ತಮ್ಮದೇ ಅವಲಂಬನೆಗಳಿರುತ್ತವೆ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಗ್ರಂಥಾಲಯದಲ್ಲಿ 'ಲಾಗ್4ಶೆಲ್' ಎಂಬ ಗಂಭೀರ ದೋಷ ಬಹಿರಂಗವಾದಾಗ, ತಾವು ನೇರವಾಗಿ ಸೇರಿಸದಿದ್ದರೂ ಅದು ತಮ್ಮ ಯೋಜನೆಯಲ್ಲಿದೆಯೇ ಎಂಬುದು ತಂತ್ರಾಂಶಗಾರರ ಮುಂದಿದ್ದ ಪ್ರಶ್ನೆಯಾಗಿತ್ತು. 'ಎಂವಿಎನ್ ಡಿಪೆಂಡೆನ್ಸಿ:ಟ್ರೀ' ಆದೇಶವು ಇಂತಹ ಪರೋಕ್ಷ ಅವಲಂಬನೆಗಳನ್ನು ಮರದ ರೂಪದಲ್ಲಿ ತೋರಿಸುತ್ತದೆ.

ಕರ್ನಾಟಕದ ಪಠ್ಯಕ್ರಮದಲ್ಲಿ

ಬೆಳಗಾವಿಯಲ್ಲಿ ಕೇಂದ್ರ ಕಚೇರಿಯಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಗಣಕವಿಜ್ಞಾನ ವಿದ್ಯಾರ್ಥಿಗಳಿಗೆ ಆರನೆಯ ಸೆಮಿಸ್ಟರ್‌ನಲ್ಲಿ ಡೆವ್‌ಆಪ್ಸ್ ಪ್ರಯೋಗಾಲಯದ ವಿಷಯವಿದೆ. ಅದರ ಮೊದಲ ಪ್ರಯೋಗವೇ ಮೇವನ್ ಮತ್ತು ಗ್ರೇಡಲ್‌ಗಳ ಪರಿಚಯ ಹಾಗೂ ಅನುಸ್ಥಾಪನೆ. ಮೇವನ್‌ನಿಂದ ನಿರ್ಮಿಸಿದ ಜಾವಾ ಕಾರ್ಯಕ್ರಮವನ್ನು ಗ್ರೇಡಲ್‌ಗೆ ವರ್ಗಾಯಿಸುವುದು, ಜೆಂಕಿನ್ಸ್ ಬಳಸುವುದು ಮುಂದಿನ ಪ್ರಯೋಗಗಳಲ್ಲಿ ಸೇರಿವೆ.

ಸಮಾನ ತಂತ್ರಾಂಶಗಳು

ಅಪಾಚೆ ಆಂಟ್ ಮೇವನ್‌ಗಿಂತ ಹಳೆಯದು. 2000ದಲ್ಲಿ ಸ್ವತಂತ್ರವಾಗಿ ಬಿಡುಗಡೆಯಾಯಿತು. ಅದರಲ್ಲಿ ಪ್ರತಿ ಕೆಲಸವನ್ನೂ ಬಳಕೆದಾರನೇ ವಿವರಿಸಬೇಕು. ಗ್ರೇಡಲ್ ತನ್ನ ಸೂಚನೆಗಳಿಗೆ ಎಕ್ಸ್‌ಎಂಎಲ್ ಬದಲು ಗ್ರೂವಿ ಅಥವಾ ಕಾಟ್ಲಿನ್ ಭಾಷೆಯನ್ನು ಬಳಸುತ್ತದೆ. ಆಂಡ್ರಾಯ್ಡ್ ಅನ್ವಯಗಳ ನಿರ್ಮಾಣದಲ್ಲಿ ಅದರ ಬಳಕೆ ವ್ಯಾಪಕವಾಗಿದೆ.